ಜಡೆ ಹಾಕಿದ ರೊಟ್ಟಿ

ಬೇಕರಿಯ ಬ್ರೆಡ್ಡು ಕಂಡರೆ ನನಗೆ ಈಗಲೂ ಅಯ್ಯೋ ಪಾಪ ಅನ್ನಿಸುತ್ತದೆ. ತಲೆ ಬೋಳಿಸಿಕೊಂಡು ಸಾಲಾಗಿ ಕೂತ ಹಾಗೆ ಕಾಣುತ್ತವೆ. ಮೊಮ್ಮಕ್ಕಳು ನಗುತ್ತವೆ. ನಗಲಿ. ನಾನು ಹುಟ್ಟಿ ಮೊದಲು ತಿಂದ ಬ್ರೆಡ್ಡಿಗೆ ಜಡೆ ಇತ್ತು ಅಂದರೆ ಅವು ನಂಬುವುದಿಲ್ಲ.

ಯುದ್ಧದ ಕಾಲ. ಹೊಸೂರಿನ ಪಕ್ಕ ಅವಲಪಲ್ಲಿಯಲ್ಲಿ ನಮ್ಮ ಮನೆ. ಹಿತ್ತಲಿಗೆ ಅಂಟಿಕೊಂಡಂತೆ ದನದ ಡಾಕ್ಟರ ಮನೆ. ಅವರು ಯೆಹೂದಿಗಳು, ಜರ್ಮನಿಯಿಂದ ಜೀವ ಕೈಯಲ್ಲಿ ಹಿಡಿದುಕೊಂಡು ಬಂದವರು. ಹೆಂಡತಿಯ ಹೆಸರು ಲೇನಾ, ಊರಿನ ಬಾಯಲ್ಲಿ ಲೇನಮ್ಮ. ಆಕೆಯ ತಾಯಿ ಮಾತ್ರ ಅಲ್ಲೇ ಉಳಿದಿದ್ದರು. ‘ಯುದ್ಧ ಮುಗೀಲಿ, ಅಮ್ಮ ಬತ್ತಾರೆ’ ಎಂಬುದು ಲೇನಮ್ಮ ಕಲಿತ ಮೊದಲ ಕನ್ನಡ ಮಾತಿರಬೇಕು.

ಶುಕ್ರವಾರ ಬಂತೆಂದರೆ ಲೇನಮ್ಮ ‘ಹಲಾ’ ಎಂಬ ರೊಟ್ಟಿ ಮಾಡುತ್ತಿದ್ದರು. ಗೋಧಿ ಹಿಟ್ಟಿಗೆ ಮೊಟ್ಟೆ, ಎಣ್ಣೆ, ಉಬ್ಬಲಿಕ್ಕೆ ಒಂದಿಷ್ಟು ಈಚಲ ಹೆಂಡ. ಉಬ್ಬಿದ ಮೇಲೆ ಒಂದು ಚೂರು ಕಿತ್ತು ದೇವರ ಪಾಲೆಂದು ಬೆಂಕಿಗೆ ಹಾಕಿ, ಏನೋ ಮಣಮಣ ಅಂದು, ಉಳಿದದ್ದನ್ನು ಉದ್ದುದ್ದ ಎಳೆ ಮಾಡಿ ಜಡೆ ಹೆಣೆದು, ಮಣ್ಣಿನ ಬಾನಿಯಲ್ಲಿಟ್ಟು ಮೇಲೂ ಕೆಳಗೂ ಕೆಂಡ ಹಾಕಿ ಬೇಯಿಸುವುದು. ಎಲ್ಲ ಸಂಜೆಯ ದೀಪಕ್ಕೆ ಮೊದಲೇ ಆಗಬೇಕು; ದೀಪ ಹಚ್ಚಿದರೆ ಅವರ ವಾರದ ಹಬ್ಬ ಶುರು, ಆಮೇಲೆ ಕೆಲಸ ಮುಟ್ಟುವಂತಿಲ್ಲ. ನಮ್ಮಲ್ಲೂ ಅದೇ ತಾನೆ, ದೀಪ ಹಚ್ಚಿದ ಮೇಲೆ ತಲೆ ಬಾಚಬಾರದು. ಎರಡು ಎಳೆ ಹೊಸೆದರೆ ಹಗ್ಗ, ಮೂರು ಹೆಣೆದರೆ ಜಡೆ. ಈ ಲೆಕ್ಕ ಜರ್ಮನಿಯಲ್ಲೂ ಅವಲಪಲ್ಲಿಯಲ್ಲೂ ಒಂದೇ ಎಂದು ಕಂಡುಕೊಂಡಾಗ, ಪ್ರಪಂಚವೇ ಅರ್ಥವಾದಷ್ಟು ಜಂಬ ನನಗೆ.

ನಮ್ಮ ಸೋದರತ್ತೆ ಮುನಿಯಮ್ಮ, ಅಪ್ಪನ ಅಕ್ಕ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಯಲ್ಲಿದ್ದಳು. ಮುಂಚೆ ಊರಿನ ಮದುವೆ ಹೆಣ್ಣುಗಳಿಗೆಲ್ಲ ಅವಳೇ ಮೊಗ್ಗಿನ ಜಡೆ ಹಾಕುತ್ತಿದ್ದಳಂತೆ. ಗಂಡ ಸತ್ತ ಮೇಲೆ ಅವಳ ಕೈಗೆ ಯಾರೂ ತಲೆ ಕೊಡಲಿಲ್ಲ. ನನಗೂ ಅವ್ವನೇ ಜಡೆ ಹಾಕುತ್ತಿದ್ದಳು, ಅದೂ ಕಣ್ಣಲ್ಲಿ ನೀರು ಬರುವಷ್ಟು ಬಿಗಿಯಾಗಿ. ಅತ್ತೆ ಗೋಡೆಗೊರಗಿ ನೋಡುವಳು. ಮಡಿಲಲ್ಲಿ ಅವಳ ಬೆರಳುಗಳು ತಾವೇ ಆಡುತ್ತಿದ್ದವು.

ಲೇನಮ್ಮನಿಗೆ ಈ ಕಟ್ಟಳೆ ಗೊತ್ತಿರಲಿಲ್ಲ. ಒಂದು ಶುಕ್ರವಾರ ಬೇಲಿಯಾಚೆ ನಿಂತಿದ್ದ ಅತ್ತೆಯನ್ನು ಕರೆದು ಹಿಟ್ಟಿನ ಎಳೆಗಳನ್ನು ಮುಂದಿಟ್ಟರು.

‘ನನ್ ಕೈ ಒಳ್ಳೇದಲ್ಲ ಕಣಮ್ಮ,’ ಎಂದಳು ಅತ್ತೆ.

ಲೇನಮ್ಮ ಆ ಕೈ ಹಿಡಿದು, ತಿರುಗಿಸಿ ನೋಡಿ, ‘ಚೆನ್ನಾಗೈತಲ್ಲ!’ ಎಂದರು.

ಅಂದಿನಿಂದ ಆ ಮನೆಯ ರೊಟ್ಟಿಗೆ ಅತ್ತೆಯದೇ ಜಡೆ. ‘ಹೆಂಡ ಕುಡ್ದಿರೋ ಹಿಟ್ಟು ಕಣವ್ವ, ಹೇಳ್ದಂಗೆ ಕೇಳಾಕಿಲ್ಲ’ ಎಂದು ಮನೆಗೆ ಬಂದು ದೂರುವಾಗ ಅವಳ ಮುಖ ನೋಡಬೇಕಿತ್ತು.

ಯುದ್ಧ ಮುಗಿಯಿತು. ಲೇನಮ್ಮನ ತಾಯಿ ಬರಲಿಲ್ಲ. ಡಾಕ್ಟರು ಬೆಂಗಳೂರಿಗೆ ಹೋಗಿ ಸುದ್ದಿ ತಂದರು: ಅವರನ್ನು ಎಂದೋ ಕೊಂದುಬಿಟ್ಟಿದ್ದರು. ಗೋರಿ ಇಲ್ಲ, ಸತ್ತ ದಿನ ಯಾವುದೆಂದೂ ಗೊತ್ತಿಲ್ಲ. ಆ ಶುಕ್ರವಾರ ಪಕ್ಕದ ಹಿತ್ತಲಲ್ಲಿ ಹೊಗೆ ಏಳಲಿಲ್ಲ.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ಅಡುಗೆ ಕೊಂಡೊಯ್ಯಬೇಕು. ಅತ್ತೆ ಮುದ್ದೆ ಸಾರು ಹೊತ್ತು ಹೊರಟಳು, ನಾನು ಹಿಂದೆ. ಲೇನಮ್ಮ ತಲೆ ಕೆದರಿಕೊಂಡು ನೆಲದ ಮೇಲೆ ಕೂತಿದ್ದರು. ಅತ್ತೆ ಪಾತ್ರೆ ಇಳಿಸಿ ಅವರ ಹಿಂದೆ ಕೂತಳು. ಕೂದಲಿಗೆ ಕೈ ಚಾಚಿದಳು, ಮತ್ತೆ ಹಿಂತೆಗೆದುಕೊಂಡಳು. ಲೇನಮ್ಮ ತಿರುಗದೆಯೇ ತಲೆಯನ್ನು ಅವಳ ಮಡಿಲಿಗೆ ಒರಗಿಸಿದರು.

‘ನಮ್ಮಮ್ಮ ಹಾಕೋರು, ಮುನಿಯಮ್ಮ.’

ಅತ್ತೆ ಜಡೆ ಹಾಕಿದಳು. ಇಬ್ಬರ ಕಣ್ಣೂ ಸುರಿಯುತ್ತಿತ್ತು. ಅಷ್ಟು ನಿಧಾನವಾಗಿ ಯಾರೂ ಜಡೆ ಹಾಕಿದ್ದನ್ನು ನಾನು ಕಂಡಿಲ್ಲ.

ಮನೆಗೆ ಬಂದಾಗ ಅವ್ವ ಬಾಚಣಿಗೆ ಹಿಡಿದು ನನಗಾಗಿ ಕಾಯುತ್ತಿದ್ದಳು. ಅತ್ತೆಯ ಸೆರಗಿಗೆ ಅಂಟಿದ್ದ ಹೊಂಬಣ್ಣದ ಕೂದಲು ಅವ್ವನ ಕಣ್ಣಿಗೆ ಬಿತ್ತು. ಬಾಚಣಿಗೆಯನ್ನು ಅತ್ತೆಯ ಮುಂದಿಟ್ಟಳು.

‘ಹೊತ್ತು ಮುಳುಗ್ತೈತೆ. ನೀನೇ ಹಾಕ್ಬುಡಕ್ಕ,’ ಎಂದು ಒಳಗೆ ಹೋದಳು.

ಅಂದಿನ ಜಡೆ ಚೂರೂ ನೋಯಲಿಲ್ಲ. ಆ ಕೈ ತಲೆ ಮುಟ್ಟಿದರೆ ಕೆಡುಕಾಗುತ್ತದೆ ಎನ್ನುತ್ತಿದ್ದರು. ಆದ ಕೆಡುಕು ಇಷ್ಟೇ ನೋಡಿ: ಅವರೆಲ್ಲ ಹೋದ ಮೇಲೂ ನಾನೊಬ್ಬಳು ಉಳಿದು, ಹಲ್ಲಿಲ್ಲದ ಬಾಯಲ್ಲಿ, ಬೋಳು ಬ್ರೆಡ್ಡನ್ನು ಹಾಲಿಗೆ ಅದ್ದಿ ತಿನ್ನುತ್ತಿದ್ದೇನೆ.