ಪೋರ್ಟ್ ಕ್ರೆಡಿಟ್‌ನಲ್ಲಿ ಕಂಡ ದ್ವೀಪ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದವರು ನಮ್ಮ ಶೇಖರ ಭಾವ, ಅಕ್ಕನ ಗಂಡ. "ಕುದ್ರು ಹೆಣ್ಣ್ ಮಕ್ಳಿಗೆ ಡಿಗ್ರಿ ಅಂದ್ರೆ ಆಪ್ದಲ್ಲ ಹೋಪ್ದಲ್ಲ" ಎಂದು ನಮ್ಮ ಜಗಲಿಯಲ್ಲೇ ಕೂತು ಹೇಳಿದ್ದರು. ಕುದ್ರು ಎಂದರೆ ಹೊಳೆಯ ನಡುವಿನ ನಡುಗಡ್ಡೆ. ನಮ್ಮದೂ ಭಾವನದೂ ಒಂದೇ ಕುದ್ರು, ಕುಂದಾಪುರದ ಹತ್ತಿರದ್ದು. ಅಪ್ಪಯ್ಯ ಅಲ್ಲಿ ದೋಣಿ ದಾಟಿಸುತ್ತಿದ್ದರು. ದಿನಕ್ಕೆರಡು ಸಲ ಹೊಳೆ ದಾಟಿ ನಾನು ಬಿಎಸ್‌ಸಿ ಮುಗಿಸಿದೆ. ನಮ್ಮ ಮನೆಯಲ್ಲಿ ಅಷ್ಟು ಓದಿದವರು ಅದಕ್ಕೆ ಮೊದಲು ಇರಲಿಲ್ಲ. ಆಮೇಲೆ ಟೊರೊಂಟೊಗೆ ಬಂದು, ಕಾಫಿ ಅಂಗಡಿಯಲ್ಲಿ ನಿಂತು ದುಡಿಯುತ್ತ ನೀರಿನ ಪರೀಕ್ಷೆಯ ಕೋರ್ಸು ಓದಿದೆ. ಈಗ ಟೊರೊಂಟೊ ಪಕ್ಕದ ಪಿಕರಿಂಗಿನ ಸಣ್ಣದೊಂದು ಲ್ಯಾಬಿನಲ್ಲಿ ಕೆಲಸ.

ನನ್ನ ಡಿಗ್ರಿಯನ್ನು ನಂಬದ ಅದೇ ಭಾವ, ಈಗ ಟೊರೊಂಟೊ ಆಚೆಯ ಎರಿನ್ ಮಿಲ್ಸ್‌ನ ಬೇಸ್‌ಮೆಂಟ್ ಮನೆಯೊಂದರಲ್ಲಿ ಇದ್ದವರು, ಕೆರಿಬಿಯನ್ ಸಮುದ್ರದ ಖಾಸಗಿ ದ್ವೀಪವೊಂದನ್ನು ನಂಬಿದರು. ಅಲ್ಲೊಂದು ಹೊಸ ಊರು ಏಳಲಿತ್ತು. ಅಲ್ಲಿ ಬ್ಯಾಂಕು ಇರುವುದಿಲ್ಲ, ನೋಟು ಇರುವುದಿಲ್ಲ. ಅಂಗಡಿ, ಶಾಲೆ, ದೋಣಿಯ ಟಿಕೆಟ್ಟು ಎಲ್ಲವೂ ಊರಿನವರದೇ ಕ್ರಿಪ್ಟೊ ನಾಣ್ಯದಲ್ಲಿ, ಫೋನಿನ ಮೇಲೆ. ನಾಣ್ಯ ಇದ್ದವರಿಗೆಲ್ಲ ಊರಿನ ತೀರ್ಮಾನದಲ್ಲಿ ಒಂದೊಂದು ಮತ. ಮೊದಲ ಹತ್ತು ಮನೆಯವರು ಮೇ ತಿಂಗಳಲ್ಲಿ ಹೋಗಬೇಕು. ಅದರಲ್ಲಿ ಭಾವ, ಅಕ್ಕ, ಇಬ್ಬರು ಮಕ್ಕಳೂ ಸೇರಿದ್ದರು. ದ್ವೀಪದ ಬಾವಿಯ ನೀರಿಗೆ ಪ್ರಮಾಣಪತ್ರ ಬೇಕು ಎಂದಾಗ ಭಾವನೇ ನನ್ನ ಹೆಸರು ಹೇಳಿದರು.

ಅಲ್ಲಿ ಮಳೆಗಾಲವಾದ ಅಕ್ಟೋಬರಿನಲ್ಲಿ ಬಂದ ಮೊದಲ ಬಾಟಲಿಯ ನೀರು ಚೆನ್ನಾಗಿಯೇ ಇತ್ತು. ಆದರೂ ನಾನು ಬರೆದುಕೊಡಲಿಲ್ಲ. ನಮ್ಮ ಕುದ್ರುವಿಗೆ ಹೆಣ್ಣು ಕೊಡುವವರು ಬೇಸಗೆಯ ಕೊನೆಗೆ ಬಂದು ಬಾವಿಯ ನೀರು ಕುಡಿದು ನೋಡುತ್ತಾರೆ, ಆಮೇಲೆಯೇ ಮಾತುಕತೆ. ಮಳೆಗಾಲದಲ್ಲಿ ಎಲ್ಲರ ಬಾವಿಯೂ ಸಿಹಿ. "ಬೇಸಗೆಯ ಬಾಟಲಿ ತರಿಸಿ" ಎಂದೆ. ಅಲ್ಲಿ ಒಣಗಾಲ ನಡುವಿಗೆ ಬಂದ ಫೆಬ್ರವರಿಯಲ್ಲಿ ಅದೂ ಬಂತು. ೨೦೧೮ರ ಮಾರ್ಚಿನ ಒಂದು ಶನಿವಾರ, ಅದರ ಪ್ರಮಾಣಪತ್ರವನ್ನು ಬ್ಯಾಗಿನಲ್ಲಿಟ್ಟುಕೊಂಡು ಪೋರ್ಟ್ ಕ್ರೆಡಿಟ್‌ನಲ್ಲಿ ಸೇರುವ ದ್ವೀಪದವರ ಸಭೆಗೆ ಹೊರಟೆ. ನೀರು ಉಪ್ಪು ಎಂದು ಅದರಲ್ಲಿ ಬರೆದಿತ್ತು. ಅಕ್ಕನಿಗೆ ಇನ್ನೂ ಹೇಳಿರಲಿಲ್ಲ.

ಹೊರಗೆ ಮೈನಸ್ ಆರು. ಗೋ ಎಂಬ ಲೋಕಲ್ ಟ್ರೇನಿಗೆ ಹತ್ತು ಡಾಲರಿಗೆ ಕೊಂಚ ಮೇಲೆ. ಟೊರೊಂಟೊದ ಯೂನಿಯನ್ ನಿಲ್ದಾಣದಲ್ಲಿ ಇಳಿದು ಹತ್ತುವ ಗೋಜಿಲ್ಲ, ಅದೇ ಗಾಡಿ ಮುಂದಕ್ಕೆ ಹೋಗುತ್ತದೆ. ಮೇಲಿನ ಅಂತಸ್ತಿನ ಎಡಗಡೆಯ ಕಿಟಕಿಯ ಬಳಿ ಕೂತೆ. ರೂಜ್ ಹಿಲ್ ಹತ್ತಿರ ಹಳಿ ಸರೋವರದ ಅಂಚಿಗೇ ಇಳಿಯುತ್ತದೆ. ದಡದಲ್ಲಿ ಮಂಜುಗಡ್ಡೆ, ಅದರಾಚೆ ಬೂದುನೀಲಿ ನೀರು, ಆಚೆ ದಡ ಕಾಣುವುದಿಲ್ಲ. ಹೀಟರಿನ ಬಿಸಿಗೆ ಕಣ್ಣು ಎಳೆಯುತ್ತಿತ್ತು. ಅಕ್ಕ ಎರಡು ತೆಂಗಿನ ಮರಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದಂತೆ, ಮಕ್ಕಳು ಬರಿಗಾಲಲ್ಲಿ ಶಾಲೆಗೆ ಹೋಗುತ್ತಿದ್ದಂತೆ, ನಾನೂ ಅಲ್ಲೇ ಎಲ್ಲೋ ಕಾಲು ನೀರಲ್ಲಿ ಇಳಿಬಿಟ್ಟು ಕೂತಂತೆ. ಎಚ್ಚರಾದಾಗ ಟ್ರೇನು ಟೊರೊಂಟೊ ದಾಟಿತ್ತು.

ಪೋರ್ಟ್ ಕ್ರೆಡಿಟ್‌ನಲ್ಲಿ ದೋಣಿಗಳನ್ನೆಲ್ಲ ದಡಕ್ಕೆಳೆದು ಬಿಳಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದರು. ಬಂದರಿನ ಎದುರಿನ ಹೋಟೆಲಿನ ಮಾಳಿಗೆಯಲ್ಲಿ ಸಭೆ. ಬಾಗಿಲು ತೆಗೆದರೆ ಬೇಸಗೆ: ಹೀಟರುಗಳು ಉರಿಯುತ್ತಿದ್ದವು, ಗೋಡೆಯ ಮೇಲೆ ಹಸಿರು ಸಮುದ್ರದ ವಿಡಿಯೊ, ಅಲೆಯ ಸದ್ದು. ನಡುವಿನ ಮೇಜಿನ ಮೇಲೆ ದ್ವೀಪದ ಮಾದರಿ. ನಿಜವಾದ ಮರಳು, ಬೆಂಕಿಪೊಟ್ಟಣದಷ್ಟು ದೊಡ್ಡ ಮನೆಗಳು. ಒಂದರ ಮೇಲೆ ಅಕ್ಕನ ಮಗ, ಒಂಬತ್ತರ ನಿಖಿಲ್, ಬೆರಳಿಟ್ಟು ನಿಂತಿದ್ದ.

"ದಿಸ್ ಒನ್ ಈಸ್ ಅವರ್ಸ್, ಚಿಕ್ಕಿ."

ಅಕ್ಕ ನನ್ನ ಕೈ ಹಿಡಿದಳು. "ಹೆಣೆ, ಅಡ್ಗಿಮನಿ ಕಿಟ್ಕಿ ಸಮುದ್ರಕ್ಕೇ ಇತ್ತ್ ಕಾಣ್. ಎಷ್ಟ್ ವರ್ಷ ಆಯ್ತ್ ನಾನ್ ಬೇಸ್‌ಮೆಂಟಂಗೆ ಅನ್ನ ಬೇಯ್ಸುಕೆ ಹಿಡ್ದ್."

ನನ್ನ ಬ್ಯಾಗು ಭಾರವಾಯಿತು.

ಊಟಕ್ಕೆ ಮೀನು, ಅನ್ನ, ಅನಾನಸ್ಸು. ಆಮೇಲೆ ದ್ವೀಪದ ಮುಖ್ಯಸ್ಥ ಡೇನಿಯಲ್ ನನ್ನನ್ನು ಕರೆದರು. ಬಿಸಿಲಿಗೆ ಕೆಂಪಾದ ಮುಖ, ಮೃದು ಮಾತು. ಮೋಸಗಾರರಂತೆ ನನಗೆ ಕಾಣಲಿಲ್ಲ. ನಾನು ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಮಳೆ ಮುಗಿದು ಕೆಲವು ತಿಂಗಳಿಗೇ ಬಾವಿಗೆ ಸಮುದ್ರದ ನೀರು ಸೇರುತ್ತಿದೆ, ಮಕ್ಕಳು ಇದನ್ನು ಕುಡಿಯಬಾರದು.

ಬೆಂಗಳೂರಿನ ಸಾಫ್ಟ್‌ವೇರ್ ಇಂಜಿನಿಯರೊಬ್ಬರು ನಕ್ಕರು. "ಬಿಡಿ ಮೇಡಂ, ಸಾರಿಗೆ ಉಪ್ಪು ಹಾಕೋ ಕೆಲ್ಸ ತಪ್ತು."

"ಸರ್, ಬೆಳಿಗ್ಗೆ ಕಾಫಿನೂ ಅದ್ರಲ್ಲೇ ಮಾಡ್ಬೇಕಲ್ಲ" ಎಂದೆ.

ಡೇನಿಯಲ್ ಕಾಗದವನ್ನು ಎರಡು ಸಲ ಓದಿದರು. ಉಪ್ಪು ತೆಗೆಯುವ ಯಂತ್ರ ಹಡಗಿನಲ್ಲಿ ಬರಬೇಕು, ಯಾವಾಗ ಎಂದು ಹೇಳಲಾರೆ, ಅಲ್ಲಿಯವರೆಗೆ ಕುಡಿಯುವ ನೀರು ದೋಣಿಯಲ್ಲಿ ತರಿಸುತ್ತೇನೆ ಎಂದರು. ಮೇ ತಿಂಗಳಲ್ಲಿ ಹೋಗುವುದೋ ಬಿಡುವುದೋ ಆಯಾ ಮನೆಯವರಿಗೆ ಬಿಟ್ಟದ್ದು. ಮೂರು ಮನೆಯವರು ಅಲ್ಲೇ ಕೈ ಎತ್ತಿದರು, ಹೋಗುತ್ತೇವೆಂದು. ಭಾವನ ಕೈ ಮೇಜಿನ ಮೇಲೆಯೇ ಇತ್ತು. ಅವರು ನನ್ನ ಮುಖ ನೋಡಲಿಲ್ಲ.

ಕತ್ತಲಾಗುವ ಹೊತ್ತಿಗೆ ಭಾವನ ಕಾರಿನಲ್ಲಿ ಎರಿನ್ ಮಿಲ್ಸ್‌ನ ಅವರ ಮನೆಗೆ ಹೊರಟೆವು. ಹದಿನೈದು ಕಿಲೋಮೀಟರಿನೊಳಗಿನ ದಾರಿ, ಅರ್ಧದಲ್ಲಿ ಹಿಮ ಬೀಳತೊಡಗಿತು. ದೀಪದ ಬೆಳಕಿನಲ್ಲಿ ಅದು ಮೇಜಿನ ಮೇಲಿನ ಮರಳಿನಂತೆಯೇ ಕಾಣುತ್ತಿತ್ತು. ಭಾವ ಒಂದೇ ಸಲ ಬಾಯಿ ಬಿಟ್ಟರು.

"ನಮ್ ಕುದ್ರುವಂಗೂ ದೋಣಿಯಂಗೆ ನೀರ್ ತರೂದಿಲ್ಯಾ? ಬದ್ಕೂದಿಲ್ಯಾ ನಾವ್?"

"ಅಲ್ಲಿ ಆಚೆ ದಡ ಕಾಂತಿತ್ತ್ ಭಾವ" ಎಂದೆ. "ದೋಣಿ ಬರ್ದಿದ್ರೆ ಕೂಗ್ಲಕ್ಕಿತ್ತ್. ಆ ದ್ವೀಪದಂಗೆ ಯಾರನ್ ಕೂಗೂದ್?"

ಅಕ್ಕ ಹಿಂದೆ ತಿರುಗಿ ಮಲಗಿದ್ದ ಚಿಕ್ಕ ಮಗಳ ಟೊಪ್ಪಿ ಸರಿಮಾಡಿದಳು.

ಮನೆಗೆ ಬಂದು ಅಕ್ಕ ಚಾಕ್ಕೆ ನೀರಿಟ್ಟಳು. ಭಾವ ಕೋಟನ್ನೂ ತೆಗೆಯದೆ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಕೈ ಚಾಚಿದರು. "ಎಲ್ಲಿತ್ತ್ ಆ ಕಾಗ್ದ? ನಂಗೊಂದ್ ಪ್ರತಿ ಕೊಡ್."

ಪ್ರಮಾಣಪತ್ರದ ಇನ್ನೊಂದು ಪ್ರತಿಯನ್ನು ತೆಗೆದು ಅವರ ಕೈಗಿತ್ತೆ. ಅವರು ಕನ್ನಡಕ ಹಾಕಿಕೊಂಡು, ಒಂದೊಂದು ಸಾಲಿಗೂ ಬೆರಳಿಟ್ಟು ನಿಧಾನವಾಗಿ ಓದಿದರು. ಬೆರಳು ಕೊನೆಗೆ ನನ್ನ ಹೆಸರು, ಡಿಗ್ರಿ, ಸಹಿಯ ಹತ್ತಿರ ಬಂದು ನಿಂತಿತು.

ಬಾಗಿಲಲ್ಲಿ ನಿಂತಿದ್ದ ನಿಖಿಲ್ ಕೇಳಿದ, "ಸೋ ವೀ ಆರ್ ನಾಟ್ ಗೋಯಿಂಗ್?"

ಭಾವ ಕಾಗದವನ್ನು ಮಡಚದೆ ಮೇಜಿನ ಮೇಲೆ ಇಟ್ಟರು.

"ಚಿಕ್ಕಿ ಸೈ ಹಾಕಿತ್ ಮಗಾ. ಬೇಸ್ಗಿ ನೀರ್ ಸಿಹಿ ಅಂತ ಚಿಕ್ಕಿಯೇ ಬರ್ದ್ ಕೊಟ್ಟ್ ದಿನ ಹೋಪ."