ಗಂಟಿನ ಮೇಲಿನ ನೇರಳೆ ಗೆರೆ

1949, ಫೆಬ್ರವರಿ 13, ಭಾನುವಾರ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಪತ್ರಿಕೆಗೆ ಇದನ್ನು ಬರೆಯಲು ಕೂತೆ.

ಎದುರಿಗೆ ಒಂದು ಹಳೆಯ ಬಿಸ್ಕತ್ತು ಡಬ್ಬಿ ಇದೆ. ಬನ್ನು ತರಲು ಹೋದಾಗ ಹಲಸೂರು ಬಜಾರಿನ ಬೇಕರಿ ಸಾಹೇಬರು ಅಟ್ಟ ಖಾಲಿ ಮಾಡಿಸುತ್ತಿದ್ದರು. "ಇದು ನಿಮ್ಮ ನರ್ಸಮ್ಮಂದು, ಬೇಟಿ. ನಾನಿಟ್ಕೊಂಡು ಏನ್ ಮಾಡ್ಲಿ?" ಎಂದು ಬನ್ನಿನ ಜೊತೆ ಅದನ್ನೂ ಕೈಗಿಟ್ಟರು. ಮನೆಗೆ ಬಂದು ಮುಚ್ಚಳ ತೆಗೆದೆ. ಒಳಗೆ ಏನೂ ಇರಲಿಲ್ಲ. ಆದರೆ ಮೂಲೆಗಳಲ್ಲಿ ಕಂದಿದ ವ್ಯಾಸಲೀನು ಅಂಟಿಕೊಂಡಿತ್ತು, ಅದಕ್ಕೆ ಬೆಂದ ಬ್ರೆಡ್ಡಿನ ವಾಸನೆ ಹತ್ತಿತ್ತು... ನನಗೆ ಗೊತ್ತಿಲ್ಲದೆಯೇ ಬಲಗೈಯ ಕಿರುಬೆರಳನ್ನು ಮಡಿಸಿ ನೋಡಿಕೊಂಡೆ. ಮುಕ್ಕಾಲು ಭಾಗ ಮಡಿಯಿತು. ಅದು ಅಷ್ಟೇ ಮಡಿಯುವುದು.

ಆರು ವರ್ಷದ ಹಿಂದೆ, ಯುದ್ಧದ ಕಾಲದಲ್ಲಿ, ನನಗೆ ಹತ್ತೊಂಬತ್ತು ವರ್ಷ. ಶಿವಾಜಿನಗರದಲ್ಲಿ ಟೈಪಿಂಗ್ ಕಲಿಯುತ್ತಿದ್ದೆ. ಪರೀಕ್ಷೆಗೆ ಐದು ವಾರ ಉಳಿದಿತ್ತು. ಒಂದು ಸೋಮವಾರ ಸೀರೆಗೆ ಹಾಕಲು ಕಾಯಿಸಿದ್ದ ಗಂಜಿ ಬಲಗೈ ಮೇಲೆ ಸುರಿಯಿತು. ನೀರಾದರೆ ಹರಿದು ಹೋಗುತ್ತದೆ. ಗಂಜಿ ಅಂಟಿಕೊಂಡು ಸುಡುತ್ತದೆ. ಮಣಿಕಟ್ಟಿನಿಂದ ಕಿರುಬೆರಳಿನವರೆಗೆ ಚರ್ಮ ಎದ್ದುಬಂತು. ಅಮ್ಮ ಒದ್ದೆ ಬಟ್ಟೆ ಸುತ್ತಿ, ನಮ್ಮ ಬೀದಿಯ ಕೊನೆಯಲ್ಲಿದ್ದ ಧರ್ಮದ ಔಷಧಾಲಯಕ್ಕೆ ಕರೆದುಕೊಂಡು ಓಡಿದರು.

ಅಲ್ಲಿ ಡಾಕ್ಟರು ಬರುತ್ತಿದ್ದುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಉಳಿದ ದಿನಗಳಲ್ಲಿ ಎಲ್ಲವೂ ನರ್ಸಮ್ಮನವರದೇ. ಐವತ್ತು ದಾಟಿದವರು, ಗಿಡ್ಡನೆಯ ಆಳು. ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿರುತ್ತಿದ್ದರು. ಮನೆಮಾತು ತಮಿಳು. ಚಿಕ್ಕವರನ್ನೆಲ್ಲ ತಮಿಳಿನವರ ಹಾಗೆ "ಕಣ್ಣು" ಎಂದೇ ಮಾತಾಡಿಸುತ್ತಿದ್ದರು.

ಅವರು ನನ್ನ ಕೈ ತೊಳೆದು, ಈ ಡಬ್ಬಿಯ ಮುಚ್ಚಳ ತೆಗೆದು, ಚಿಮಟದಿಂದ ಒಂದು ಚೌಕ ಬಟ್ಟೆಯನ್ನು ಎತ್ತಿದರು. ಜಾಳುಜಾಳಾದ ಬಟ್ಟೆ, ಮೈತುಂಬ ವ್ಯಾಸಲೀನು ಮೆತ್ತಿಕೊಂಡು ಹೊಳೆಯುತ್ತಿತ್ತು.

"ಬರೀ ಬಟ್ಟೆ ಹಾಕಿದ್ರೆ ಗಾಯಕ್ಕೆ ಅಂಟ್ಕೊಳ್ಳುತ್ತೆ ಕಣ್ಣು. ಬಿಚ್ಚೋವಾಗ ಹೊಸ ಚರ್ಮಾನೂ ಕಿತ್ಕೊಂಡು ಬರುತ್ತೆ. ಇದು ಅಂಟಲ್ಲ. ಇದ್ರಲ್ಲಿ ಸಲ್ಫಾ ಪುಡಿ ಕಲಸಿದೀನಿ. ಅದು ಗಾಯದ ಮೇಲೇ ಕೂತು ಕೀವಾಗದ ಹಾಗೆ ಕಾಯುತ್ತೆ. ಶುಕ್ರವಾರ ಬಾ. ಅಲ್ಲೀವರ್ಗೂ ಬಿಚ್ಬೇಡ."

ಆ ಡಬ್ಬಿ ತಯಾರಾಗುತ್ತಿದ್ದುದು ಬೇಕರಿಯಲ್ಲಿ. ಔಷಧಾಲಯಕ್ಕೆ ಸಿಗುತ್ತಿದ್ದ ಸೀಮೆಎಣ್ಣೆ ಸೂಜಿ ಕುದಿಸುವುದಕ್ಕೇ ಸಾಲುತ್ತಿರಲಿಲ್ಲ. ಹಾಗಾಗಿ ನರ್ಸಮ್ಮ ಬಟ್ಟೆ ಕತ್ತರಿಸಿ, ಡಬ್ಬಿಯಲ್ಲಿ ಪದರ ಪದರವಾಗಿ ಜೋಡಿಸಿ, ಮೇಲೆ ವ್ಯಾಸಲೀನು ಹಾಕಿ ಬೇಕರಿಗೆ ಒಯ್ಯುತ್ತಿದ್ದರು. ಬೆಳಗಿನ ಬ್ರೆಡ್ಡು ಹೊರಗೆ ಬಂದ ಮೇಲೂ ಒಲೆಯಲ್ಲಿ ಕಾವು ಉಳಿದಿರುತ್ತದಲ್ಲ, ಆ ಕಾವಿನಲ್ಲಿ ಡಬ್ಬಿ ಒಂದು ಗಂಟೆಯ ಮೇಲೆ ಇರುತ್ತಿತ್ತು. ಹೊರಗೆ ತೆಗೆದು, ಬಿಸಿ ಆರುತ್ತಾ ಬಂದಾಗ ಪುಡಿ ಬೆರೆಸುತ್ತಿದ್ದರು. ಸಾಹೇಬರು ಒಂದು ದಿನವೂ ಬೇಡವೆಂದವರಲ್ಲ.

ನಾನು ಹನ್ನೆರಡನೇ ವಯಸ್ಸಿನಿಂದ ದಿನಚರಿ ಬರೆಯುತ್ತಿದ್ದೇನೆ. ಅಳೆಯುವುದು, ಎಣಿಸುವುದು, ತಾರೀಖು ಹಾಕುವುದು ನನ್ನ ಅಭ್ಯಾಸ. ಪರೀಕ್ಷೆಯ ಹೊತ್ತಿಗೆ ಕೈ ವಾಸಿಯಾಗುತ್ತದೋ ಇಲ್ಲವೋ ತಿಳಿಯಬೇಕಿತ್ತು. ಅದಕ್ಕೆ ಮಂಗಳವಾರ ಸಂಜೆ, ಅಮ್ಮ ನೀರಿಗೆ ಹೋಗಿದ್ದಾಗ, ಕಟ್ಟು ಬಿಚ್ಚಿದೆ. ಹೊಲಿಗೆಯ ದಾರವನ್ನು ಗಾಯದ ಮೇಲಿಟ್ಟು ಉದ್ದ ಹಿಡಿದು, ಸ್ಕೇಲಿನಲ್ಲಿ ನೋಡಿ, ಎಡಗೈಯಲ್ಲಿ ಬರೆದುಕೊಂಡೆ. ಮತ್ತೆ ಕಟ್ಟಿದೆ. ಬುಧವಾರವೂ ಹಾಗೇ, ಗುರುವಾರವೂ ಹಾಗೇ. ಆ ಪುಟ ಈಗ ನನ್ನ ಮುಂದಿದೆ. ಮೂರು ಸಾಲು, ಸೊಟ್ಟ ಅಕ್ಷರ.

ಗುರುವಾರ ರಾತ್ರಿ ಜ್ವರ ಬಂತು. ಶುಕ್ರವಾರ ಡಾಕ್ಟರು ಕಟ್ಟು ಬಿಚ್ಚಿದಾಗ ಕಿರುಬೆರಳಿನ ಬುಡದಲ್ಲಿ ಕೀವು ತುಂಬಿತ್ತು. ಅವರು ಬೆರಳನ್ನು ಮಡಿಸಲು ನೋಡಿದರು. ನಾನು ಕಿರುಚಿದೆ.

"ಈ ಬೆರಳು ಮತ್ತೆ ಮಡಿಯುತ್ತೆ ಅಂತ ಹೇಳೋಕಾಗಲ್ಲ," ಎಂದರು. ಆಮೇಲೆ ನರ್ಸಮ್ಮನ ಕಡೆ ತಿರುಗಿ, "ನಿಮ್ಮ ಬೇಕರಿ ಡಬ್ಬಿ ಶುದ್ಧವಾಗಿಲ್ಲ ಕಣ್ರೀ. ಇವತ್ತಿಗೆ ನಿಲ್ಸಿ" ಎಂದರು.

ನರ್ಸಮ್ಮ ಡಬ್ಬಿಯ ಮುಚ್ಚಳ ಮುಚ್ಚಿ, ಅದರ ಮೇಲೆ ಸ್ವಲ್ಪ ಹೊತ್ತು ಅಂಗೈ ಇಟ್ಟುಕೊಂಡು ನಿಂತರು. ನಾನು ಬಾಯಿ ಬಿಡಲಿಲ್ಲ. ಹೊರಗಿನ ಬೆಂಚಿನ ಮೇಲೆ ಕಾಲು ಸುಟ್ಟುಕೊಂಡ ಗಾರೆ ಕೆಲಸದವರೊಬ್ಬರು ಕೂತಿದ್ದರು. ಅವರಿಗೆ ಆ ದಿನ ಬರೀ ಬಟ್ಟೆಯನ್ನೇ ಕಟ್ಟಿದರು. ಅವರ ಕಟ್ಟು ಹೇಗೆ ಬಿಚ್ಚಿಬರುತ್ತದೆ ಎಂಬುದು ನನಗೆ ಗೊತ್ತಿತ್ತು...

ಶನಿವಾರ ಬೆಳಿಗ್ಗೆ ಎಂಟೂಕಾಲಿಗೆ ದಿನಚರಿ ಹಿಡಿದು ಹೋದೆ. ನರ್ಸಮ್ಮ ಕೊಳಾಯಿಯ ಕೆಳಗೆ ಡಬ್ಬಿಯನ್ನು ಬೂದಿ ಹಾಕಿ ಉಜ್ಜುತ್ತಿದ್ದರು. ಪುಟ ತೆರೆದು ಅವರ ಮುಂದೆ ಹಿಡಿದೆ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನೇ ಓದಬೇಕಾಯಿತು. ಮೂರೇ ಸಾಲು, ಓದಿ ಮುಗಿಸಲು ಬಹಳ ಹೊತ್ತು ಹಿಡಿಯಿತು.

"ದಾರದಲ್ಲಿ ಅಳತೆ ತೆಗೆದ್ಯಾ?"

"ಹೂಂ."

"ಯಾವ ದಾರ?"

"ಅಮ್ಮನ ಹೊಲಿಗೆ ಡಬ್ಬೀದು."

ಅವರು ನನ್ನನ್ನೇ ನೋಡಿದರು. "ಯಾಕೆ ಕಣ್ಣು, ಗಾಯಕ್ಕೆ ರವಿಕೆ ಹೊಲಿಸ್ಬೇಕಿತ್ತಾ?"

ನನಗೆ ಅಳು ಬಂತು. ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ತಲೆಯ ಮೇಲಿಟ್ಟರು. "ಅಳೋದು ಆಮೇಲೆ. ಮಂಗಳವಾರ ಇದನ್ನೇ ಡಾಕ್ಟ್ರು ಮುಂದೆ ಓದು. ಒಂದು ಸಾಲೂ ಬಿಡ್ಬೇಡ."

ಓದಿದೆ. ಡಾಕ್ಟರು ದಿನಚರಿ ಇಸಿದುಕೊಂಡು ಹಿಂದಿನ ಪುಟಗಳನ್ನೂ ತಿರುವಿದರು. ಹಾಲಿನವನು ಬಂದ ಹೊತ್ತು, ನಾನು ನಿಮಿಷಕ್ಕೆ ಟೈಪು ಮಾಡಿದ ಪದಗಳು, ಎಲ್ಲವೂ ಅಲ್ಲಿದ್ದವು. ಸುಳ್ಳು ಬರೆಯುವವಳಲ್ಲ ಎಂದು ಅನ್ನಿಸಿರಬೇಕು. "ಹಾಗಾದ್ರೆ ಡಬ್ಬಿ ಒಲೆಗೆ ಹೋಗ್ಲಿ ಬಿಡಿ ನರ್ಸಮ್ಮ" ಎಂದರು.

ಆ ದಿನ ನನ್ನ ಕೈ ಕಟ್ಟಿದ ಮೇಲೆ ನರ್ಸಮ್ಮ ಕಡ್ಡಿಗೆ ಹತ್ತಿ ಸುತ್ತಿ, ಹುಣ್ಣಿಗೆ ಹಚ್ಚುವ ನೇರಳೆ ಮದ್ದಿನಲ್ಲಿ ಅದ್ದಿ, ಗಂಟಿನ ಮೇಲಿಂದ ಕಟ್ಟಿನವರೆಗೆ ಒಂದು ಗೆರೆ ಎಳೆದರು. ಗಂಟು ಬಿಚ್ಚಿ ಮತ್ತೆ ಕಟ್ಟಿದರೆ ಗೆರೆ ಕೂಡುವುದಿಲ್ಲ. "ಈಗ ಇದನ್ನ ನೋಡ್ಕೊಂಡು ಬರಿ" ಎಂದರು. ಬರೆದೆ. 'ಗೆರೆ ಸರಿಯಿದೆ.' ಮರುದಿನ, 'ಗೆರೆ ಸರಿಯಿದೆ.' ಇಂಥ ಇಪ್ಪತ್ತೆರಡು ಸಾಲುಗಳಿವೆ. ಅಷ್ಟು ಆನಂದದಿಂದ ನಾನು ಬೇರೇನನ್ನೂ ಬರೆದ ನೆನಪಿಲ್ಲ.

ಆಮೇಲೆ ಎಲ್ಲರ ಗಂಟಿಗೂ ಗೆರೆ ಬಿತ್ತು, ಎಲ್ಲರ ಲೆಕ್ಕ ಬರೆಯುವ ಕೆಲಸ ನನಗೆ ಬಿತ್ತು. ಯಾರು, ಯಾವ ದಿನ ಕಟ್ಟಿದ್ದು, ಯಾವ ದಿನ ಬಿಚ್ಚಿದ್ದು, ಕೀವು ಇತ್ತೋ ಇಲ್ಲವೋ. ಬೀದಿಯಲ್ಲಿ ಗೆರೆ ಕಂಡರೆ, ಸರಿಯಿದೆಯಾ ಎಂದು ಜನ ತಾವೇ ವಿಚಾರಿಸುತ್ತಿದ್ದರು. ಬೇಕರಿ ಸಾಹೇಬರೇ ಒಮ್ಮೆ ತಟ್ಟೆ ತಗುಲಿ ಮುಂಗೈ ಸುಟ್ಟುಕೊಂಡಾಗ ಗಿರಾಕಿಯೊಬ್ಬರು, "ಏನ್ ಸಾಹೇಬ್ರೇ, ಮೊಹರು ಒತ್ತಿಸ್ಕೊಂಡ್ ಬಂದ್ರಾ?" ಎಂದು ಕೆಣಕಿದರು. "ನಮ್ ಒಲೇಲಿ ಬೆಂದಿದ್ದು ನಮ್ಗೇ ವಾಪಸ್ ಬಂತು ನೋಡಿ" ಎಂದು ಸಾಹೇಬರು ನಕ್ಕರು.

ಆ ಸಲದ ಪರೀಕ್ಷೆ ತಪ್ಪಿತು. ಮುಂದಿನ ಸಲ ಬರೆದೆ, ಪಾಸಾದೆ. ಈಗ ನಾನು ಕೂತಿರುವ ಆಫೀಸಿನಲ್ಲಿ ನನ್ನ ಕಿರುಬೆರಳು ಮಾಡಬೇಕಾದ ಕೆಲಸವನ್ನು ಪಕ್ಕದ ಬೆರಳು ಮಾಡುತ್ತದೆ. ಯಾರಿಗೂ ಗೊತ್ತಾಗಿಲ್ಲ.

ಯುದ್ಧ ಮುಗಿದ ಮರುವರ್ಷ ಔಷಧಾಲಯ ಮುಚ್ಚಿತು. ನರ್ಸಮ್ಮ ತಂಗಿಯ ಮನೆಗೆ ಹೋಗುತ್ತೇನೆ ಎಂದರು. ಕೃಷ್ಣರಾಜಪುರದಲ್ಲಿ ರೈಲು ಹತ್ತಿದರು ಎಂದು ಸಾಹೇಬರು ಹೇಳುತ್ತಾರೆ. ಯಾವ ಊರಿಗೆ ಎಂದು ಅವರಿಗೂ ತಿಳಿಯದು. ಹೋಗುವ ಮುಂಚೆ ನಮ್ಮ ಮನೆಗೆ ಬಂದಿದ್ದರಂತೆ, ನಾನು ಆಫೀಸಿನಲ್ಲಿದ್ದೆ...

ಈಗ ಒಂಬತ್ತೂ ಕಾಲು. ಮೂರು ದಿನಚರಿಗಳನ್ನು ತಿರುವಿ ಹಾಕಿದೆ. ಅವರು ಕಟ್ಟಿದ ಗಾಯಗಳ ಲೆಕ್ಕ ಇದೆ, ಡಬ್ಬಿ ಒಲೆಗೆ ಹೋದ ದಿನಗಳಿವೆ, ಗಾರೆಯವರ ಕಾಲು ವಾಸಿಯಾದ ತಾರೀಖೂ ಇದೆ. ಅವರ ಹೆಸರು ಎಲ್ಲಿಯೂ ಇಲ್ಲ. ಪ್ರತಿ ಪುಟದಲ್ಲೂ 'ನರ್ಸಮ್ಮ' ಎಂದೇ ಬರೆದಿದ್ದೇನೆ. ಕೇಳಬೇಕೆಂದು ಒಂದು ಸಲವೂ ಹೊಳೆಯಲಿಲ್ಲ.

ಓದುವವರಲ್ಲಿ ಯಾರಾದರೂ ಹಲಸೂರಿನ ಆ ಔಷಧಾಲಯದಲ್ಲಿ ಕಟ್ಟು ಕಟ್ಟಿಸಿಕೊಂಡಿದ್ದರೆ, ಗಂಟಿನ ಮೇಲೆ ನೇರಳೆ ಗೆರೆ ಎಳೆಯುತ್ತಿದ್ದವರ ನೆನಪಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಅವರು ಎಲ್ಲಿದ್ದಾರೆ ಎಂಬುದು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಹೆಸರು ತಿಳಿಸಿದರೆ ಸಾಕು. ಕೈ ಸುಟ್ಟುಕೊಂಡ ಆ ಸೋಮವಾರದ ಪುಟದಲ್ಲಿ ಒಂದು ಸಾಲಿನ ಜಾಗ ಇದೆ.