ಕೇಕಿನ ಮೇಲೆ ಶುಭ ಕೋರುವವರು

ಹುಮನಾಬಾದಿನ ಶೈಲೇಶ ಮಗಳ ಹುಟ್ಟುಹಬ್ಬಕ್ಕೆ ಕೇಕು ಬೇಕೆಂದು ಫೋನು ಮಾಡಿದಾಗ ತನ್ನ ಹೆಸರು ಹೇಳಿದ, ತಾನು ಹಿಡಿದಿರುವ ಚರಂಡಿ ಗುತ್ತಿಗೆಗಳ ಬಗ್ಗೆ ಹೇಳಿದ, ಕಾರ್ಯಕ್ರಮಕ್ಕೆ ಬರಲಿರುವ ದೊಡ್ಡವರ ಹೆಸರು ಹೇಳಿದ. ಮಗಳ ಹೆಸರು ಆರೋಹಿ, ಅವಳಿಗೆ ಐದು ತುಂಬುತ್ತದೆ ಎಂಬುದು ಗಜಾಲಾಗೆ ಗೊತ್ತಾದದ್ದು ಆಮೇಲೆ, ಅವನ ಹೆಂಡತಿ ದ್ರೌಪತಿಯಿಂದ. ಕೂಸಿಗೆ ಏನು ಇಷ್ಟ ಎಂದು ಗಜಾಲಾ ಕೇಳಿದ್ದಳು. ಶೈಲೇಶ ತುಸು ಯೋಚಿಸಿ, ಫೋಟೋ ಕಳಿಸುತ್ತೇನೆ ಅಂದಿದ್ದ.

ಗಜಾಲಾ ಬಸವಕಲ್ಯಾಣದಲ್ಲಿ ಮನೆಯ ಅಡುಗೆಕೋಣೆಯಲ್ಲೇ ಕೇಕು ಮಾಡಿ ಮಾರುವವಳು. ಗಂಡ ಅಜೀಮುದ್ದೀನ್ ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ತಂತಿ ಸುತ್ತುತ್ತಾನೆ. ಮದುವೆಯಾದ ಹೊಸತರಲ್ಲಿ ಅವಳು ಬಟ್ಟೆ ಹೊಲಿದಳು. ಅಳತೆ ಕೊಟ್ಟ ಮೇಲೆ ದಪ್ಪಗಾಗಿ ಬಂದು ಜಗಳ ತೆಗೆಯುವವರನ್ನು ಸಹಿಸದೆ ಬಿಟ್ಟಳು. ಮದುವೆಮನೆಗಳಲ್ಲಿ ಮೆಹೆಂದಿ ಹಾಕಿದಳು. ಕುಳಿತವರು ಕೈ ಅಲುಗಾಡಿಸುತ್ತಾರೆಂದು ಅದನ್ನೂ ಬಿಟ್ಟಳು. ಕೇಕು ಅಲುಗಾಡುವುದಿಲ್ಲ. ಮೆಹೆಂದಿಯ ಕೋನು ಹಿಡಿದ ಕೈಗೆ ಕೆನೆಯ ಕೋನು ಬೇಗ ಒಗ್ಗಿತು.

ತತ್ತಿ ಹಾಕಿದ ಕೇಕು ಅವಳು ಮಾಡುವುದೇ ಇಲ್ಲ. ಮನೆಯಲ್ಲಿರುವ ಒವನ್ನು ಒಂದೇ, ಗಿರಾಕಿಗಳ ಮಡಿ ಹಲವು. ಅದಕ್ಕೆ ತತ್ತಿ ತಾಗಿದೆಯೇ ಎಂದು ಮತ್ತೆ ಮತ್ತೆ ಕೇಳುವವರು ಹೆದ್ದಾರಿಯ ಢಾಬಾದಲ್ಲಿ ಆಮ್ಲೆಟ್ ತಿನ್ನುವವರೇ ಎಂಬುದು ಅವಳ ಅನುಭವ. ಶೈಲೇಶ ಅದನ್ನು ಮೂರು ಸಲ ಕೇಳಿದ.

ಆದರೂ ಅವಳಿಗೆ ಈ ಕೇಕು ಬೇಕಾಗಿತ್ತು. ಬಸವಕಲ್ಯಾಣದಲ್ಲಿ ಗಾಜಿನ ಬಾಗಿಲಿನ ಹೊಸ ಬೇಕರಿಗಳು ಬಂದು ಅವಳ ಗಿರಾಕಿಗಳು ಚದುರಿದ್ದರು. ಹುಮನಾಬಾದು ಹಿಡಿದರೆ ಕೆಲಸ ಉಳಿಯುತ್ತಿತ್ತು; ಇಲ್ಲದಿದ್ದರೆ ಒವನ್ನು ಮಾರಿ ಗಂಡನ ಅಂಗಡಿಯಲ್ಲಿ ತಂತಿ ಸುತ್ತಲು ಕೂರುವುದೆಂದು ತೀರ್ಮಾನವಾಗಿತ್ತು. ಊರು ಹಿಡಿಯುವ ಬಗೆ ಅವಳಿಗೆ ಗೊತ್ತು. "ಫೋಟೋ ನೋಡಿದವರು ವಾಹ್ ಅಂತಾರ್ರಿ," ಅನ್ನುತ್ತಾಳೆ. "ಫೋನ್ ಮಾಡೋರು ತಿಂದವರು."

ಶೈಲೇಶನಿಗೆ ಬೇಕಾದದ್ದು ಕೇಕಿನ ಆಕಾರದ ಫ್ಲೆಕ್ಸು. ಈ ಕಡೆಯ ಊರುಗಳಲ್ಲಿ ಯಾರ ಹುಟ್ಟುಹಬ್ಬವಾದರೂ ಚೌಕಿನಲ್ಲಿ ಒಂದು ಫ್ಲೆಕ್ಸು ಏಳುತ್ತದೆ. ಮಧ್ಯೆ ಮುಖಂಡ, ಕೆಳಗೆ 'ಶುಭ ಕೋರುವವರು' ಎಂಬ ಸಾಲಿನಲ್ಲಿ ಕಪ್ಪು ಕನ್ನಡಕದ ಮುಖಗಳು; ಹುಟ್ಟಿದವರು ಎಲ್ಲಿದ್ದಾರೆಂದು ಹುಡುಕಬೇಕು. ಅದೇ ಚಿತ್ರ ಈಗ ಕೇಕಿನ ಮೇಲೆ ಬರಬೇಕಿತ್ತು. ನಡುವೆ ದಿಗಂಬರ, ತಾಲೂಕು ಪಂಚಾಯಿತಿಯ ಮಾಜಿ ಸದಸ್ಯ; ಸೋತ ಮೇಲೆ 'ಮಾಜಿ' ಎಂಬುದನ್ನೇ ಪದವಿಯಂತೆ ಧರಿಸಿಕೊಂಡು ಓಡಾಡುವವ. ಅವನ ಪಕ್ಕ ಕೈಮುಗಿದ ಶೈಲೇಶ. ಸುತ್ತ ಗುತ್ತಿಗೆದಾರರು, ಭಾವಮೈದುನರು. ಎಡಮೂಲೆಯಲ್ಲಿ, ಅಪ್ಪನ ಮೊಣಕೈ ಕೆಳಗೆ, ಆರೋಹಿ ಮತ್ತು ಅವಳ ಹೆಸರು.

ಮೂರು ದಿನ ಫೋಟೋಗಳು ಬದಲಾದವು. ಕೆಳಸಾಲಿಗೆ ಇಳಿದವನೊಬ್ಬ ಬರುವುದಿಲ್ಲವೆಂದು ಹೆದರಿಸಿ ಮೇಲೆ ಹತ್ತಿದ. ಇನ್ನೊಬ್ಬ ತನ್ನ ಮುಖ ಭಾವನ ಮುಖಕ್ಕಿಂತ ಚಿಕ್ಕದಾಗಿದೆ ಎಂದು ದೂರಿದ. ಇದು ಹುಟ್ಟುಹಬ್ಬವೋ ಚುನಾವಣೆಯೋ ಎಂದು ಅಜೀಮುದ್ದೀನ್ ಹೆಂಡತಿಯನ್ನು ಕೇಳಿದ. ಕೊನೆಗೆ ಕಲಬುರಗಿಯಲ್ಲಿ ಸಕ್ಕರೆ ಹಾಳೆಯ ಮೇಲೆ ಚಿತ್ರ ಮುದ್ರಣವಾಗಿ ಬಂತು. ಈ ಹಾಳೆಯನ್ನು ಕೆನೆಯ ಮೇಲೆ ಹಾಸಿದರೆ ಅದು ಅಲ್ಲೇ ಅಂಟಿಕೊಳ್ಳುತ್ತದೆ, ಮತ್ತೆ ಎಬ್ಬಿಸಲು ಬರುವುದಿಲ್ಲ. ದಿಗಂಬರನ ಹಣೆಯ ಮೇಲೆ ಗುಳ್ಳೆ ಏಳದಂತೆ ಗಜಾಲಾ ಹಾಳೆಯನ್ನು ಬೆರಳಿನಿಂದ ತೀಡಿದಳು, ಅಂಚಿಗೆ ಗುಲಾಬಿ ಹೂಗಳನ್ನು ಬಿಟ್ಟಳು. ಒಂದು ಮಾತು ಮಾತ್ರ ಅವಳಿಗೆ ಹೊಳೆಯಲಿಲ್ಲ. ಶೈಲೇಶನಿಗೆ ಹೊಳೆಯಲಿಲ್ಲ ಎಂಬುದರಲ್ಲಿ ವಿಶೇಷವಿಲ್ಲ.

ಅಜೀಮುದ್ದೀನ್ ಗೆಳೆಯನ ಕಾರು ತಂದ. ಹೆದ್ದಾರಿ ಸಿಗುವ ಸಸ್ತಾಪುರ ಬಂಗ್ಲಾ ಕ್ರಾಸಿನಿಂದ ಹುಮನಾಬಾದಿನವರೆಗೂ ಗಜಾಲಾ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ದಾರಿಯಲ್ಲಿ ಕುಲುಕಿ ಮೂಲೆ ಒಡೆದರೆ ಮೆತ್ತಲಿಕ್ಕೆಂದು ಒಂದು ಡಬ್ಬಿ ಬಿಳಿ ಕೆನೆ ಜೊತೆಗಿತ್ತು.

ಕಾರ್ಯಕ್ರಮದ ಹಾಲ್‌ನಲ್ಲಿ ಮೊದಲು ಎಲ್ಲರೂ ಕೇಕಿನ ಮೇಲೆ ಬಗ್ಗಿ ತಮ್ಮ ತಮ್ಮ ಮುಖಗಳ ಫೋಟೋ ತೆಗೆದುಕೊಂಡರು. ದಿಗಂಬರ ತಡವಾಗಿ ಬಂದು, ತನ್ನ ಮುಖವನ್ನು ನೋಡಿ, ಚೆನ್ನಾಗಿದೆ ಎಂದು ತಲೆಯಾಡಿಸಿದ. ನಿದ್ದೆಗಣ್ಣಿನ ಆರೋಹಿಯ ಕೈಗೆ ರಿಬ್ಬನ್ ಕಟ್ಟಿದ ಚಾಕು ಕೊಟ್ಟರು. ಕೈ ಎಟುಕಿದಲ್ಲಿ ಅವಳು ಚಾಕು ಇಟ್ಟಳು.

"ಅಲ್ಲಿ ಬ್ಯಾಡ ಬೇಟಾ, ಸಾಹೇಬ್ರ ಕುತ್ತಿಗಿ ಐತಿ," ಎಂದು ಶೈಲೇಶ ಅವಳ ಮಣಿಕಟ್ಟು ಹಿಡಿದ.

ಎಡಕ್ಕೆ ಸರಿಸಿದರೆ ಶೈಲೇಶನದೇ ಎದೆ. ಬಲಕ್ಕೆ ಭಾವಮೈದುನನ ಕಣ್ಣು. ಹೆಸರು ಬರೆದಲ್ಲಿ ಕೊಯ್ಯಿರಿ ಎಂದು ಯಾರೋ ಅಂದರು. ಹುಟ್ಟಿದ ದಿನ ಕೂಸಿನ ಹೆಸರಿನ ಮೇಲೆ ಚಾಕು ಇಡುತ್ತೀರಾ ಎಂದು ದ್ರೌಪತಿ ತಡೆದಳು. ಕಡೆಗೆ ಶೈಲೇಶ ಕೆಳಸಾಲಿನ ತುದಿಯಲ್ಲಿದ್ದ ಅಲ್ತಾಫನ ಮುಖವನ್ನು ಆರಿಸಿದ. ಜೆಸಿಬಿ ಬಾಡಿಗೆಗೆ ಕೊಡುವ ಅಲ್ತಾಫ್ ಅಲ್ಲೇ ನಿಂತಿದ್ದ.

"ಫೋಟೋ ಕೇಳೋ ಮುಂದ ಕೈ ಮುಗದಿದ್ರಿ," ಅಂದ. "ಈಗ ನಾ ಸಣ್ಣಾವ ಅಂತ ನನ್ನ ಮ್ಯಾಲೇ ಚಾಕು ಇಡಾಕತ್ತೀರೇನ್ರಿ?"

ಚಾಕು ಗಾಳಿಯಲ್ಲಿ ನಿಂತಿತು. ಒಂದು ಸಿಹಿತಿಂಡಿಯ ಸುತ್ತ ಅಷ್ಟು ಜನ ಗಂಡಸರು ತಮ್ಮ ಸಕ್ಕರೆಯ ಕುತ್ತಿಗೆಗಳನ್ನು ಕಾಯುತ್ತ ನಿಂತರು. ಸೆಕೆಗೆ ಅಂಚಿನ ಗುಲಾಬಿಗಳು ಜಾರತೊಡಗಿದವು. ಇನ್ನು ಸ್ವಲ್ಪ ಹೊತ್ತಾದರೆ ತಿನ್ನಲು ಏನೂ ಉಳಿಯುವುದಿಲ್ಲವೆಂದು ಗೋಡೆಯ ಬಳಿ ನಿಂತಿದ್ದ ಗಜಾಲಾಗೆ ಗೊತ್ತಿತ್ತು. ಹಾಳೆ ಎಬ್ಬಿಸಿ ಎಂದು ಶೈಲೇಶ ಅವಳ ಮೇಲೆ ರೇಗಿದ.

"ಹರದ ಬರತಾವ್ರಿ. ಅರ್ಧ ಮೂಗು, ಅರ್ಧ ಮೀಸಿ," ಅಂದಳು. "ಕೆನಿ ಹಚ್ಚಿ ಮುಚ್ಚಬಹುದು. ಯಾರಿಂದ ಶುರು ಮಾಡ್ಲಿ ಹೇಳ್ರಿ, ಅಣ್ಣಾರ."

ಶೈಲೇಶ ದಿಗಂಬರನ ಕಡೆ ನೋಡಿದ. ದಿಗಂಬರ ಗಂಟಲು ಸರಿಪಡಿಸಿಕೊಂಡು, ಸಣ್ಣವರಿಂದ ಬರುವುದು ಪದ್ಧತಿ ಎಂದ. ಅಲ್ತಾಫ್ ಮತ್ತೆ ಬಾಯಿ ತೆರೆಯುವುದರೊಳಗೆ ಗಜಾಲಾ ಉದ್ದನೆಯ ಸಪಾಟು ಚಾಕುವಿನ ತುಂಬ ಕೆನೆ ಎತ್ತಿ, ಬಲ ಅಂಚಿನಿಂದ ಗೋಡೆಗೆ ಸುಣ್ಣ ಬಳಿಯುವಂತೆ ಎಳೆದಳು. ಮಾಜಿ, ಹಾಲಿ, ಭಾವ, ಮೈದುನ ಎಲ್ಲರೂ ಒಟ್ಟಿಗೆ ಹೋದರು. ಮೂಲೆಯ ಹುಡುಗಿಯ ಮುಖಕ್ಕೆ ಬಂದಾಗ ಕೈ ನಿಲ್ಲಿಸಿದಳು. ಆರೋಹಿ ಬಿಳಿಯ ಜಾಗದಲ್ಲಿ ಕೊಯ್ದಳು, ಜನ ಚಪ್ಪಾಳೆ ತಟ್ಟಿದರು, ಆದರೆ ಜೋರಾಗಿ ಅಲ್ಲ.

ಮೊದಲ ತುಂಡನ್ನು ದಿಗಂಬರನಿಗೆ ಕೊಟ್ಟರು. ತನಗೆ ಶುಗರ್ ಇದೆ ಎಂದು ಅವನು ತಟ್ಟೆ ದೂಡಿದ. ಮುಖಂಡನಿಗೆ ಶುಗರ್ ಬಂದದ್ದೇ ತಡ, ಉಳಿದವರಿಗೂ ಹಿರಿತನದ ಪ್ರಕಾರ ಅದೇ ಬಂತು. ತಟ್ಟೆಗಳು ಹಾಗೇ ಉಳಿದವು. ಹುಮನಾಬಾದು ಕೈತಪ್ಪಿತೆಂದು ಗಜಾಲಾ ಡಬ್ಬಿ ಮುಚ್ಚಿದಳು.

ದ್ರೌಪತಿ ಕೇಕನ್ನು ಹಲಗೆ ಸಮೇತ ಎತ್ತಿ ಒಳಕೋಣೆಗೆ ಒಯ್ದಳು. ಅಲ್ಲಿ ಹೆಂಗಸರು, ಮಕ್ಕಳು ಕೂತಿದ್ದರು. ಅವರ ಮುಖಗಳು ಯಾವ ಫ್ಲೆಕ್ಸಿನಲ್ಲೂ ಬಂದಿರಲಿಲ್ಲ, ಯಾರ ಶುಗರೂ ಅವರಿಗೆ ಅಂಟಿರಲಿಲ್ಲ. ಕೆನೆ ಸರಿಸಿದ ದ್ರೌಪತಿಯ ಅತ್ತಿಗೆ ರತ್ನಮಾಲಾಗೆ ಒಂದು ಕಪ್ಪು ಕನ್ನಡಕ ಸಿಕ್ಕಿತು. "ಇದು ನಿನ್ನ ಗಂಡಂದು, ನೀನೇ ತಿನ್ನು," ಎಂದು ಪಕ್ಕದವಳ ತಟ್ಟೆಗೆ ಹಾಕಿದಳು. ಹಲಗೆ ಕಾಣುವವರೆಗೆ ತಿಂದರು. ರತ್ನಮಾಲಾ ಹೊರಗೆ ಬಂದು ಗಜಾಲಾಳ ನಂಬರು ಕೇಳಿದಳು, ಅವಳ ಹಿಂದೆ ಇನ್ನಿಬ್ಬರು ಬಂದರು.

ಈಗ ಪ್ರತಿ ವಾರ ಹುಮನಾಬಾದಿಗೆ ಕೇಕು ಹೋಗುತ್ತದೆ. ಗಜಾಲಾ ಬಾಜಿಗೆ ಈ ಊರಲ್ಲಿ ಹೆಸರು ಮಾಡಿಕೊಟ್ಟವನು ತಾನೇ ಎಂದು ಶೈಲೇಶ ಎಲ್ಲರೆದುರು ಹೇಳುತ್ತಾನೆ. ಗಜಾಲಾ ಹೌದ್ರಿ ಅಣ್ಣಾರ ಅನ್ನುತ್ತಾಳೆ. ಗಿರಾಕಿಗಳನ್ನು ತಿದ್ದುವ ಚಟವನ್ನು ಅವಳು ಹೊಲಿಗೆಯ ಜೊತೆಗೇ ಬಿಟ್ಟಿದ್ದಾಳೆ.